ಅಪ್ಪ ಕೊಟ್ಟ ಫೌಲ್

ಕುಂಬಳೆ ರೈಲ್ವೆ ಸ್ಟೇಷನ್ನಿನ ಹಿಂದೆ, ಹಳಿಗೂ ಅಳಿವೆಗೂ ನಡುವಿನ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ಮನುಷ್ಯರದಾಗಿರಲಿಲ್ಲ, ಅದು ಮೇಜಿನದು. ಎಂಟಡಿ ಉದ್ದದ ಪೂಲ್ ಮೇಜು. ಹಸಿರು ಬಟ್ಟೆ, ಅದರಡಿ ಕಲ್ಲಿನ ಹಲಗೆ, ಸುತ್ತ ಚೆಂಡು ಬೀಳುವ ಆರು ಕಿಂಡಿ. ಅಪ್ಪ ಮಸ್ಕತ್ತಿನ ಒಂದು ಕ್ಲಬ್ಬಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಹೊಸ ಮೇಜು ಬಂದಾಗ ಹಳೆಯದನ್ನು, ಊರಿಗೆ ಹೊರಟಿದ್ದ ಅವರಿಗೇ ಕೊಟ್ಟರು. ಕುಂಬಳೆ ಪೇಟೆಯಲ್ಲಿ ಒಂದು ಮಹಡಿಯ ಕೋಣೆ ಹಿಡಿದು ಅದನ್ನು ಇಡಬೇಕೆಂದು ಅಪ್ಪನ ಆಸೆ ಇತ್ತು. ಆದರೆ ಕಲ್ಲಿನ ಹಲಗೆಯನ್ನು ಆರು ಜನ ಹೊತ್ತು ಇಳಿಸುವುದನ್ನು ಕಂಡ ಕಟ್ಟಡದ ಯಜಮಾನ, ನನ್ನ ಮಹಡಿ ಕುಸಿದು ಕೆಳಗಿನ ಅಂಗಡಿಯ ಮೇಲೆ ಬೀಳುತ್ತದೆ, ಬೇಡ ಎಂದುಬಿಟ್ಟ. ಹಾಗೆ ಅದು ನಮ್ಮ ಮನೆಗೆ ಬಂತು. ಬಾಗಿಲು ಸಾಲದೆ ಕಿಟಕಿ ಇದ್ದ ಗೋಡೆಯನ್ನೇ ಒಡೆದು ಒಳಗೆ ತಂದರು. ಅಜ್ಜಿ ಸುತ್ತ ಒಂದು ಸಲ ನಡೆದು ನೋಡಿದಳು.

"ಇದು ಮೇಜಾ, ಹೆಣ ಮಲಗಿಸುವ ಕಟ್ಟೆಯಾ?"

ಅಪ್ಪನ ಹೆಸರು ಐತಪ್ಪ. ಊರಿನವರಿಗೆ ಮಾತ್ರ ಅವರು ಮಾರ್ಕರ್ ಐತಪ್ಪ. ಕ್ಲಬ್ಬುಗಳಲ್ಲಿ ಆಡುವವರ ಅಂಕ ಬರೆಯುವ, ಚೆಂಡು ಜೋಡಿಸಿ ಕೊಡುವ, ಆಟದ ಕೋಲುಗಳನ್ನು ಒರೆಸಿಡುವ ಮನುಷ್ಯನಿಗೆ ಮಾರ್ಕರ್ ಎಂದು ಹೆಸರು. ಹನ್ನೊಂದು ವರ್ಷ ಅಪ್ಪ ಆ ಕೆಲಸ ಮಾಡಿದರು. ಕೆಲಸದ ಹೊತ್ತಿನಲ್ಲಿ ಮಾರ್ಕರ್ ಆಡುವ ಹಾಗಿಲ್ಲ. ಗೋಡೆಗೆ ಒರಗುವ ಹಾಗೂ ಇಲ್ಲ. ನಿಂತು ನೋಡಿದರು. ಬೆಳಿಗ್ಗೆ ಕ್ಲಬ್ಬು ತೆರೆಯುವ ಮೊದಲು, ನೋಡಿದ್ದನ್ನು ಒಬ್ಬರೇ ಆಡಿ ನೋಡಿದರು. ಅವರ ಆಟ ನಿಧಾನ, ಚೊಕ್ಕಟ. ಹೊಡೆಯುವ ಮೊದಲು ಮೇಜಿನ ಸುತ್ತ ಬರುವಾಗ, ಮಲಗಿದ ಮಗುವಿನ ಹತ್ತಿರ ನಡೆದಂತೆ ಕಾಲಿಡುತ್ತಿದ್ದರು. ಗೆದ್ದಾಗ ಅವರ ಮುಖ ಹೇಗಿರುತ್ತಿತ್ತೋ ಸೋತಾಗಲೂ ಹಾಗೆಯೇ ಇರುತ್ತಿತ್ತು. ಬಹಳ ವರ್ಷ ನಾನು ಅದನ್ನು ಅವರ ಹುಟ್ಟುಗುಣ ಎಂದು ತಿಳಿದಿದ್ದೆ.

ಮೇಜು ಬಂದ ಮೇಲೆ ನಮ್ಮ ಮನೆಗೆ ಅದರದೇ ಮಡಿ ಮೈಲಿಗೆ ಶುರುವಾಯಿತು. ಎಣ್ಣೆ ಹಚ್ಚಿ ಮೀಯುವ ದಿನ ತಲೆ ಒಣಗದೆ ಆ ಕೋಣೆಗೆ ಪ್ರವೇಶವಿಲ್ಲ. ಬಂಗುಡೆ ಸಾರು ಉಂಡ ಮೇಲೆ ಎರಡು ಸಲ ಸಾಬೂನು ಹಾಕಿ ಕೈ ತೊಳೆದು, ಅಪ್ಪನ ಮೂಗಿನ ಹತ್ತಿರ ಹಿಡಿದು ತೋರಿಸಬೇಕು. ಅಜ್ಜಿ ಬೀಡಿ ಕಟ್ಟುವ ಗೆರಸೆಯನ್ನು ಹಿಡಿದುಕೊಂಡು ಜಗಲಿಗೆ ಹೋದಳು; ಎಲೆಯ ಚೂರು ಬಟ್ಟೆಯ ಮೇಲೆ ಬೀಳಬಾರದು. ಅಮ್ಮ ಸುನಂದ ಹತ್ತಿರದ ಶಾಲೆಯಲ್ಲಿ ಕನ್ನಡ ಟೀಚರ್. ಅವಳು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಮೇಜಿನ ಮೇಲೆ ಹೊಂದುವ ಹಾಗೆ ಎರಡು ಪ್ಲೈವುಡ್ ಹಲಗೆ ಮಾಡಿಸಿ, ಸಂಜೆ ಆರರವರೆಗೆ ಅದರ ಮೇಲೆ ಮಕ್ಕಳ ಉತ್ತರ ಪತ್ರಿಕೆ ಹರಡಿ ತಿದ್ದುತ್ತಿದ್ದಳು. ನೆಂಟರು ಬಂದಾಗ ಅದೇ ಹಲಗೆಗಳ ಮೇಲೆ ಎಲೆ ಹಾಕಿ ಊಟ. ಆರಕ್ಕೆ ಹಲಗೆ ಸರಿಸಿ, ಅಪ್ಪ ಬ್ರಶ್ಶಿನಿಂದ ಬಟ್ಟೆಯನ್ನು ಒಂದೇ ದಿಕ್ಕಿಗೆ ಗುಡಿಸುತ್ತಿದ್ದರು. ಆಮೇಲೆ ಆಟ. ನಮ್ಮ ಮನೆಮಾತು ತುಳುವಾದರೂ ಆ ಕೋಣೆಯಲ್ಲಿ ಕನ್ನಡವೇ ಆಗಬೇಕೆಂಬುದು ಅಮ್ಮ ಹಾಕಿದ ಒಂದೇ ಷರತ್ತು. ನಡುವೆ ಗೂಡ್ಸ್ ಗಾಡಿ ಬಂದರೆ ಮನೆಯೇ ನಡುಗುತ್ತಿತ್ತು, ಚೆಂಡುಗಳು ನಿಂತಲ್ಲೇ ಸಣ್ಣಗೆ ಗುನುಗುತ್ತಿದ್ದವು. ಆಗ ಹೊಡೆಯಲು ಬಾಗಿದವರು ಎದ್ದು ಎರಡು ಹೆಜ್ಜೆ ಹಿಂದೆ ಹೋಗಿ, ಕೊನೆಯ ಡಬ್ಬಿ ದಾಟುವವರೆಗೆ ಕಾದು, ಮತ್ತೆ ಮೊದಲಿನಿಂದ ಗುರಿ ನೋಡಬೇಕು. ಬಾಗಿದಲ್ಲೇ ಕಾಯುವಂತಿಲ್ಲ. ಒಂಬತ್ತು ವರ್ಷದ ನನಗೆ ಇದು ಬರೀ ಹಟ ಎನಿಸುತ್ತಿತ್ತು.

ನಾನು ಬೇಗ ಕಲಿತೆ, ಬೇಗ ಸಿಟ್ಟಾಗುತ್ತಿದ್ದೆ. ಆಟ ಸರಳ: ಒಬ್ಬರಿಗೆ ಇಡೀ ಬಣ್ಣದ ಏಳು ಚೆಂಡು, ಇನ್ನೊಬ್ಬರಿಗೆ ಪಟ್ಟೆ ಇರುವ ಏಳು. ಕೋಲು ತಾಗಬೇಕಾದ್ದು ಬಿಳಿ ಚೆಂಡಿಗೆ ಮಾತ್ರ. ಬಿಳಿಯಿಂದ ತನ್ನ ಏಳನ್ನೂ ಕಿಂಡಿಗೆ ಬೀಳಿಸಿ, ಕೊನೆಗೆ ಕರಿಯನ್ನು ಬೀಳಿಸಿದವರು ಗೆದ್ದರು. ಮನೆಯಲ್ಲಿ ಇದಕ್ಕೆ ಇನ್ನೊಂದು ನಿಯಮ ಸೇರಿತ್ತು. ಸೋತವರು ರಾತ್ರಿ ಊಟ ಮುಗಿಯುವವರೆಗೆ ಸೋಲಿಗೆ ಕಾರಣ ಹೇಳಬಾರದು. ಗಂಜಿ ಕುಡಿದು ಬಟ್ಟಲು ತೊಳೆಯುವಷ್ಟರಲ್ಲಿ ಹೇಳಬೇಕೆಂದಿದ್ದ ಕಾರಣ ನಮಗೇ ಸಣ್ಣದಾಗಿ ಕಾಣುತ್ತಿತ್ತು. ಆದರೆ ಹನ್ನೆರಡನೇ ವರ್ಷದಲ್ಲಿ ಒಂದು ಸಂಜೆ, ಅಪ್ಪನ ಕೈಯಲ್ಲಿ ಸಾಲಾಗಿ ನಾಲ್ಕು ಆಟ ಸೋತ ಮೇಲೆ, ನಾನು ಕೋಲಿನ ತುದಿಯನ್ನು ಬಟ್ಟೆಗೆ ಕುಕ್ಕಿದೆ. ಗೇಣುದ್ದ ಹರಿಯಿತು. ಹೊಸ ಬಟ್ಟೆ ಎಲ್ಲಿಂದಲೋ ತರಿಸಬೇಕು, ಅದನ್ನು ಹಾಸಲು ಬರುವವರು ಈ ಕಡೆ ಇರಲಿಲ್ಲ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಅಮ್ಮನನ್ನು ಕರೆದು ಕೇಳಿದರು.

"ಸುನಂದಾ, ಇದಕ್ಕೆ ಎಂತಾದರೂ ಮಾಡಲಿಕ್ಕೆ ಆಗ್ತದಾ?"

ಅಮ್ಮ ಒಳಗಿನಿಂದ ತೇಪೆ ಅಂಟಿಸಿ ಕೂದಲಿನಷ್ಟು ತೆಳು ದಾರದಿಂದ ಹೊಲಿದಳು. ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಅಲ್ಲಿಗೆ ಬಂದ ಚೆಂಡು ಕೊಂಚ ಎಡಕ್ಕೆ ವಾಲುತ್ತಿತ್ತು. ಎರಡು ವರ್ಷ ಎಲ್ಲರೂ ಅದರ ಮೇಲೆಯೇ ಆಡಿದರು. ಆಡಲು ಬರುವ ಅಕ್ಕಪಕ್ಕದವರ ಚೆಂಡು ವಾಲಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಅಪ್ಪ ಒಬ್ಬರಿಗೂ ಹರಿದದ್ದು ಯಾರು ಎಂದು ಹೇಳಲಿಲ್ಲ. ಅದಕ್ಕಿಂತ ಎರಡು ಪೆಟ್ಟು ಬಿದ್ದಿದ್ದರೆ ಹಗುರಾಗುತ್ತಿತ್ತು. ಹೊಸ ಬಟ್ಟೆ ಬರುವ ಹೊತ್ತಿಗೆ ಕೈಯಲ್ಲಿ ಕೋಲಿರುವಾಗ ನನಗೆ ಸಿಟ್ಟು ಬರುವುದು ನಿಂತಿತ್ತು. ಅಲ್ಲ, ಬರುತ್ತಿತ್ತು, ಆದರೆ ಕೈಗೆ ಇಳಿಯುತ್ತಿರಲಿಲ್ಲ.

ನನಗೆ ಹದಿನಾರು ತುಂಬಿದ ವರ್ಷ ಕಾಸರಗೋಡಿನ ಒಂದು ಕ್ಲಬ್ಬಿನವರು ಎರಡು ದಿನದ ಟೂರ್ನಮೆಂಟ್ ಇಟ್ಟರು. ಹೆಂಗಸರಿಗೆ ಬೇರೆ ವಿಭಾಗ ಇರಲಿಲ್ಲ. ಹೆಂಗಸರು ಬರುತ್ತಾರೆಂದು ಅವರಿಗೆ ಹೊಳೆದೇ ಇರಲಿಲ್ಲ. ಅಪ್ಪ ಹೆಸರು ಬರೆಸಿದರು. ಸೆಕ್ರೆಟರಿ ತಲೆ ಕೆರೆದುಕೊಂಡು, ನಿಯಮದಲ್ಲಿ ಬೇಡ ಅಂತ ಎಲ್ಲಿಯೂ ಬರೆದಿಲ್ಲ ಎಂದು ಒಪ್ಪಿದರು. ಆದರೆ ಅವರಿಗೂ ಅಪ್ಪನಿಂದ ಒಂದು ಉಪಕಾರ ಬೇಕಾಗಿತ್ತು. ನಿಯಮ ಪೂರ್ತಿ ಗೊತ್ತಿದ್ದ ಮನುಷ್ಯ ಸುತ್ತಮುತ್ತ ಅಪ್ಪನೊಬ್ಬರೇ. ಅವರೇ ರೆಫರಿ ಆಗಬೇಕು. ಮಗಳು ಆಡುವಾಗ ಬೇರೆಯವರನ್ನು ಹಾಕಿ ಎಂದು ಅಪ್ಪ ಕೇಳಿಕೊಂಡರು. ಮೊದಲ ದಿನ ಹಾಗೆಯೇ ಆಯಿತು. ಎರಡನೆಯ ದಿನ ನಾನು ಫೈನಲ್ಲಿಗೆ ಬಂದೆ. ಎದುರು ಉಪ್ಪಳದ ಅಶ್ರಫ್, ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದ ಇಪ್ಪತ್ತೈದರ ಹುಡುಗ, ಅಲ್ಲಿ ಎಲ್ಲರಿಗಿಂತ ಒಳ್ಳೆಯ ಆಟಗಾರ. ಅವನೇ ಅಪ್ಪನ ಹತ್ತಿರ ಬಂದು ಹೇಳಿದ.

"ಫೈನಲ್ಲಿಗೆ ನೀವೇ ನಿಲ್ಲಬೇಕು ಮಾರ್ಕರೇ. ನಿಮ್ಮ ಮಗಳಾದ್ರೂ ನನಗೆ ತೊಂದರೆ ಇಲ್ಲ. ಬೇರೆಯವರಿಗೆ ನಿಯಮ ಗೊತ್ತಿಲ್ಲ."

ಅಪ್ಪ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ.

ಐದು ಆಟದಲ್ಲಿ ಮೂರು ಗೆದ್ದವರಿಗೆ ಕಪ್. ಎರಡೆರಡು ಗೆದ್ದು ಕೊನೆಯ ಆಟಕ್ಕೆ ಬಂದೆವು. ಕಿಟಕಿಗಳಲ್ಲಿಯೂ ಜನ ನಿಂತಿದ್ದರು. ನನ್ನ ಕೊನೆಯ ಚೆಂಡು, ಕೆಂಪು, ಕಿಂಡಿಯ ಹತ್ತಿರ ಇತ್ತು. ಬಿಳಿ ಅದಕ್ಕೆ ಬೆರಳಿನ ದಪ್ಪದಷ್ಟು ಅಂತರದಲ್ಲಿ. ಇಷ್ಟು ಹತ್ತಿರದ ಹೊಡೆತದಲ್ಲಿ ಒಂದು ಅಪಾಯ ಉಂಟು. ಕೋಲು ಬಿಳಿಯನ್ನು ತಳ್ಳಿದ ಮೇಲೆ ಸಕಾಲಕ್ಕೆ ನಿಲ್ಲದಿದ್ದರೆ ಅದಕ್ಕೆ ಎರಡನೆಯ ಸಲ ತಾಗುತ್ತದೆ. ಅದು ಫೌಲ್. ನಾನು ಕೋಲಿನ ಹಿಂಬದಿ ಎತ್ತಿ, ಚಿಕ್ಕದಾಗಿ, ಕುಟುಕಿದಂತೆ ಹೊಡೆದೆ. ಕೆಂಪು ಬಿತ್ತು. ಕರಿ ಚೆಂಡು ಎದುರಿನ ಕಿಂಡಿಯ ಬಾಯಲ್ಲಿ ಕಾಯುತ್ತಿತ್ತು. ಎಂಟು ವರ್ಷದ ಮಗುವೂ ಬೀಳಿಸಬಹುದಾದ ಚೆಂಡು. ಜನ ಆಗಲೇ ಚಪ್ಪಾಳೆ ಹೊಡೆಯತೊಡಗಿದ್ದರು. ಹಿಂದಿನಿಂದ ಅಪ್ಪನ ಸ್ವರ ಕೇಳಿತು.

"ಫೌಲ್. ಎರಡು ಸಲ ತಾಗಿದೆ."

ಚಪ್ಪಾಳೆ ನಿಂತಿತು. ಕಿಟಕಿಯಿಂದ ಯಾರೋ, ಎಂತ ಫೌಲ್ ಮಾರಾಯ, ತಾಗಲಿಲ್ಲ ಎಂದರು. ಅಶ್ರಫ್ ಕೂಡ ಕೈ ಎತ್ತಿದ.

"ನನಗೆ ಕಾಣಲಿಲ್ಲ ಮಾರ್ಕರೇ."

"ನಿನಗೆ ಕಾಣಬೇಕು ಅಂತ ಇಲ್ಲ. ಫೌಲ್. ಬಿಳಿ ನಿನ್ನ ಕೈಗೆ, ಬೇಕಾದಲ್ಲಿ ಇಟ್ಟು ಹೊಡಿ."

ನನಗೆ ಎದೆಯಿಂದ ಕಿವಿಯವರೆಗೆ ಬಿಸಿಯಾಯಿತು. ತಾಗಿಲ್ಲ ಎಂದು ನನ್ನ ಅಂಗೈಗೆ ಗೊತ್ತಿತ್ತು. ನಾನು ಅಪ್ಪನನ್ನು ನೋಡಲಿಲ್ಲ. ನೋಡಿದರೆ ಅಳು ಬರುತ್ತಿತ್ತು. ಕೋಲು ಹಿಡಿದುಕೊಂಡು ಕುರ್ಚಿಗೆ ಹೋಗಿ ಕುಳಿತೆ. ಅಶ್ರಫ್ ತನ್ನ ಉಳಿದ ಎರಡು ಚೆಂಡನ್ನೂ ಕರಿಯನ್ನೂ ಬೀಳಿಸಿದ. ಬೇಕೆಂದು ತಪ್ಪಿಸಲಿಲ್ಲ, ತಪ್ಪಿಸಿದ್ದರೆ ಅದು ನನಗೆ ಇನ್ನೂ ದೊಡ್ಡ ಅವಮಾನ. ಇದೆಲ್ಲ ಈಗಿನ ಬುದ್ಧಿಯಲ್ಲಿ ಹೇಳುತ್ತಿದ್ದೇನೆ. ಅವತ್ತು ಅವನು ಕೈ ಚಾಚಿದಾಗ ಬೆರಳ ತುದಿ ಮಾತ್ರ ಮುಟ್ಟಿಸಿದೆ.

ಮನೆಯಲ್ಲಿ ಅಮ್ಮನಿಗೆ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ನಾನು ಮನೆಯ ನಿಯಮದಂತೆ ಬಾಯಿ ಮುಚ್ಚಿ ಉಂಡೆ. ಅಮ್ಮನಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ.

"ತಾಗಿದ್ದರೆ ಶಶಿಯೇ ಹೇಳ್ತಿರಲಿಲ್ವಾ? ಅಲ್ಲಿದ್ದವರಿಗೆ ಒಬ್ಬರಿಗೂ ಕಾಣದ್ದು ನಿಮಗೆ ಹೇಗೆ ಕಂಡಿತು? ಮಗಳು ಅಂತ ಬಿಟ್ಟುಕೊಟ್ಟರು ಅಂತ ಜನ ಹೇಳಬಾರದು, ಅದಕ್ಕಲ್ವಾ ಇದೆಲ್ಲ?"

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ಮುಂದಿನ ಮೂರು ದಿನ ಅಮ್ಮ ಅವರೊಡನೆ ಮಾತಾಡಲಿಲ್ಲ. ಹೊತ್ತು ಹೊತ್ತಿಗೆ ಬಡಿಸುತ್ತಿದ್ದಳು; ಮಜ್ಜಿಗೆ ಬೇಕೋ ಎಂದು ಕೇಳದೆ ಲೋಟವನ್ನು ಅವರ ಮುಂದೆ ಇಟ್ಟು ಹೋಗುತ್ತಿದ್ದಳು. ಅಜ್ಜಿ ಜಗಲಿಯಲ್ಲಿ ಬೀಡಿ ಸುತ್ತುತ್ತಾ, ಗೋಡೆ ಒಡೆದು ತಂದದ್ದನ್ನು ಗೋಡೆ ಒಡೆದೇ ಹೊರಗೆ ಹಾಕಬಹುದು ಎಂದು ಯಾರಿಗೂ ಅಲ್ಲದಂತೆ ಹೇಳುತ್ತಿದ್ದಳು. ಪ್ಲೈವುಡ್ ಹಲಗೆಗಳು ಮೂರು ಸಂಜೆ ಮೇಜಿನ ಮೇಲಿಂದ ಸರಿಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ನೀರುದೋಸೆ ತಿನ್ನುತ್ತಿದ್ದಾಗ ಅಪ್ಪ ಕರೆದರು. ಹಲಗೆ ತೆಗೆದಿದ್ದರು. ಬಟ್ಟೆಯ ಮೇಲೆ ಸೀಮೆಸುಣ್ಣದ ಮೂರು ಚುಕ್ಕೆ ಇಟ್ಟು, ಅವುಗಳ ಮೇಲೆ ಬಿಳಿ, ಕೆಂಪು, ಕರಿ ಚೆಂಡುಗಳನ್ನು ಅವತ್ತು ಇದ್ದ ಹಾಗೆಯೇ ಇಟ್ಟಿದ್ದರು.

"ಒಂದು ವಿಷಯ ಹೇಳಲಿಕ್ಕೆ ಉಂಟು ಮಗಾ. ಆ ಹೊಡೆತ ನನಗೆ ಕಂಡದ್ದಲ್ಲ. ನಿನ್ನ ಭುಜ ಅಡ್ಡ ಇತ್ತು. ನಾನು ನಿಲ್ಲಬೇಕಾದ ಕಡೆ ನಿಂತಿರಲಿಲ್ಲ. ನನಗೆ ಕೋಲಿನದ್ದೇ ಎರಡು ಸದ್ದು ಕೇಳಿತು. ಅಷ್ಟೇ."

ಮಸ್ಕತ್ತಿನಲ್ಲಿ ಅಂಕದ ಹಲಗೆಗೆ ಮುಖ ಮಾಡಿ ನಿಂತು, ಹಿಂದೆ ನಡೆಯುವ ಆಟವನ್ನು ಸದ್ದಿನಲ್ಲೇ ತಿಳಿಯುವುದು ಅವರಿಗೆ ಅಭ್ಯಾಸವಾಗಿತ್ತು. ಆ ಕಿವಿಯ ಮೇಲೆ ಅವರಿಗೆ ಹೆಮ್ಮೆ. ಈಗ ಅವರು ಗೋಡೆಯ ಕಡೆ ತಿರುಗಿ ನಿಂತರು.

"ನೀನು ಹೊಡಿ. ಒಮ್ಮೆ ಸರಿಯಾಗಿ, ಒಮ್ಮೆ ಬೇಕಂತ ಎರಡು ಸಲ ತಾಗಿಸಿ, ನಿನಗೆ ಖುಷಿ ಬಂದ ಹಾಗೆ. ನಾನು ಕೇಳಿ ಹೇಳ್ತೇನೆ. ಸರಿಯಾ ತಪ್ಪಾ ನೀನು ಹೇಳು."

ಹೊಡೆಯುತ್ತಾ ಹೋದೆ. ಅವರು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಫೌಲ್, ಅಲ್ಲ, ಅಲ್ಲ, ಫೌಲ್ ಎನ್ನುತ್ತಿದ್ದರು. ಆ ಕೋಣೆಯಲ್ಲಿ ನಾನು ಹೇಳಿದ್ದೇ ಸತ್ಯ. ಅವರ ಕಿವಿ ತಪ್ಪೆಂದು ತೋರಿಸಬೇಕೆಂದಿದ್ದರೆ ಒಂದೆರಡು ಸುಳ್ಳು ಸಾಕಿತ್ತು. ಒಮ್ಮೆ ನಾನು ಬೇಕೆಂದೇ ಎರಡು ಸಲ ತಾಗಿಸಿದೆ, ಅವರು ಫೌಲ್ ಎಂದರು. ಇಲ್ಲ ಎನ್ನಲು ಬಾಯಿ ತೆರೆದೆ. ಅವರ ಬೆನ್ನ ಮೇಲೆ ಬನಿಯನ್ನಿನ ಸಣ್ಣ ತೂತೊಂದು ಕಾಣುತ್ತಿತ್ತು. ಯಾಕೋ ಅದನ್ನು ನೋಡುತ್ತಾ ಸುಳ್ಳು ಹೇಳಲಾಗಲಿಲ್ಲ.

"ಹೌದು, ಫೌಲ್."

ಆಮೇಲೆ ಒಂದು ಸರಿಯಾದ ಹೊಡೆತ. ಕೆಂಪು ಕಿಂಡಿಯ ಅಂಚಿಗೆ ಸವರಿ ಒಳಗೆ ಬಿತ್ತು.

"ಫೌಲ್," ಎಂದರು ಅಪ್ಪ.

"ಅಲ್ಲ ಅಪ್ಪ."

ಅವರು ತಿರುಗಲಿಲ್ಲ. ಇನ್ನೊಮ್ಮೆ ಹೊಡಿ ಎಂದರು. ಮತ್ತೆ ಹೊಡೆದೆ, ಕೆಂಪು ಮತ್ತೆ ಅಂಚಿಗೆ ಸವರಿತು, ಅವರು ಮತ್ತೆ ಫೌಲ್ ಎಂದರು, ನಾನು ಮತ್ತೆ ಅಲ್ಲ ಎಂದೆ. ಈಗ ಅವರು ಬಂದು ಕಿಂಡಿಯ ಪಕ್ಕ ಬಾಗಿ ಕಿವಿ ಇಟ್ಟು, ಮೂರನೆಯ ಸಲ ಹೊಡೆಸಿದರು. ಎರಡನೆಯ ಸದ್ದು ಕೋಲಿನದಲ್ಲ. ಕೆಂಪು ಚೆಂಡು ಕಿಂಡಿಯ ಅಂಚಿಗೆ ತಾಗಿದ್ದು. ಅಡಿಗೆ ಮನೆಯ ಬಾಗಿಲಲ್ಲಿ ಅಮ್ಮ ಯಾವಾಗ ಬಂದು ನಿಂತಿದ್ದಳೋ ತಿಳಿಯದು. ಅಪ್ಪ ಅವಳ ಕಡೆ ನೋಡಿ ಹೇಳಿದರು.

"ನನ್ನ ಕಿವಿ ತಪ್ಪಿತು ಸುನಂದಾ. ನೋಡದ್ದನ್ನು ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು."

"ದೋಸೆ ತಣಿಯುತ್ತದೆ, ಬನ್ನಿ," ಎಂದಳು ಅಮ್ಮ.

ನಮ್ಮ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು. ಅಪ್ಪನಿಗೆ ಮುಗಿಯಲಿಲ್ಲ. ಒಂದು ಹಾಳೆಯಲ್ಲಿ ಬರೆದರು: ಫೈನಲ್ ಆಟದಲ್ಲಿ ನಾನು ಕೊಟ್ಟ ಫೌಲ್ ತಪ್ಪು. ಆಡಿದ ಇಬ್ಬರದೂ ತಪ್ಪಿಲ್ಲ. ಇಂತಿ ಐತಪ್ಪ, ರೆಫರಿ. ಅಮ್ಮ ಎರಡು ಅಕ್ಷರ ತಿದ್ದಿ, ಪೂರ್ಣವಿರಾಮ ಹಾಕಿಕೊಟ್ಟಳು. ಅದನ್ನು ಮಡಚಿಕೊಂಡು ಕಾಸರಗೋಡಿಗೆ ಹೋದರು, ನನ್ನನ್ನೂ ಕರೆದುಕೊಂಡು. ಸೆಕ್ರೆಟರಿಗೆ ಕಸಿವಿಸಿಯಾಯಿತು.

"ಮುಗಿದು ಹೋದದ್ದಲ್ವಾ ಮಾರ್ಕರೇ. ಈಗ ಊರಿಗೆಲ್ಲ ಹೇಳಿ ಎಂತ ಆಗ್ಲಿಕ್ಕುಂಟು? ನಿಮಗೇ ಮರ್ಯಾದೆ ಕಡಿಮೆ."

"ಫೌಲ್ ಕೊಟ್ಟದ್ದು ಎಲ್ಲರ ಎದುರು. ಇದೂ ಎಲ್ಲರ ಎದುರು ಇರಲಿ."

ನೋಟೀಸು ಬೋರ್ಡಿನಲ್ಲಿ, ವಿಜೇತರ ಹೆಸರಿನ ಕೆಳಗೆ, ತಾವೇ ಪಿನ್ನು ಚುಚ್ಚಿದರು. ಮೊದಲ ಸಲ ಪಿನ್ನು ಬಾಗಿತು; ಗಾಡಿ ಬಂದಾಗಿನಂತೆ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಬಂದು ಚುಚ್ಚಿದ್ದನ್ನು ನಾನು ಕಂಡೆ. ಆ ಮನುಷ್ಯನ ಶಾಂತಿ ಹುಟ್ಟುಗುಣವಲ್ಲ, ಪ್ರತಿ ಸಲವೂ ಎಲ್ಲಿಂದಲೋ ಎಳೆದು ತರುವ ವಸ್ತು ಎಂದು ನನಗೆ ತಿಳಿದದ್ದು ಅಲ್ಲಿ. ಈಗ ನಾನೇ ಟೂರ್ನಮೆಂಟುಗಳಿಗೆ ರೆಫರಿಯಾಗಿ ಹೋಗುತ್ತೇನೆ. ಹೋದಲ್ಲೆಲ್ಲ ಗೆದ್ದವರ ಸಂಯಮ ಬೇಕಾದಷ್ಟು ನೋಡಿದ್ದೇನೆ. ತನ್ನ ತಪ್ಪಿಗೆ ತಾನೇ ಪಿನ್ನು ಚುಚ್ಚಿದ ಇನ್ನೊಬ್ಬರನ್ನು ನೋಡಿಲ್ಲ.

ಅಲ್ಲಿಂದ ಉಪ್ಪಳದ ಬಸ್ಸು ಹತ್ತಿದೆವು. ಅಶ್ರಫ್ ಅಂಗಡಿಯಲ್ಲಿ ಬಟ್ಟೆಯ ಥಾನು ಸುತ್ತುತ್ತಿದ್ದ. ಅಪ್ಪ ನಿಂತಲ್ಲೇ ಎಲ್ಲ ಹೇಳಿದರು. ಅವನು ಥಾನನ್ನು ಕೆಳಗಿಟ್ಟ.

"ಕಪ್ ಮನೆಯಲ್ಲಿ ಉಂಟು. ಈಗಲೇ ತಂದು ಕೊಡ್ತೇನೆ."

"ಕಪ್ ಕೇಳಲಿಕ್ಕೆ ಬಂದದ್ದಲ್ಲ. ನಿನಗೆ ಗೊತ್ತಿರಬೇಕು ಅಂತ ಬಂದದ್ದು."

"ಹಾಗಾದ್ರೆ ನಾನು ಗೆದ್ದದ್ದಾ, ಸೋತದ್ದಾ?"

"ಅದು ನನಗೂ ಗೊತ್ತಿಲ್ಲ."

ಅವನು ಅಪ್ಪನಿಗಲ್ಲ, ನನಗೆ ಹೇಳಿದ.

"ಚೆಂಡು ಎಲ್ಲೆಲ್ಲಿ ಇತ್ತು ಅಂತ ನಿನಗೆ ನೆನಪುಂಟಾ? ನನಗೆ ಉಂಟು. ಆದಿತ್ಯವಾರ ಬರ್ತೇನೆ. ಅಲ್ಲಿಂದಲೇ ಮುಂದುವರಿಸುವ."

ಭಾನುವಾರ ಹನ್ನೊಂದಕ್ಕೆ ಬಂದ, ಕೈಯಲ್ಲಿ ಅಮ್ಮನಿಗೆಂದು ಹಲ್ವದ ಪೊಟ್ಟಣ. ಅವನೂ ನಾನೂ ಅಪ್ಪನೂ ಬೇರೆ ಬೇರೆಯಾಗಿ ಜಾಗ ತೋರಿಸಿದೆವು. ಅವನ ಎರಡು ಪಟ್ಟೆಯ ಚೆಂಡು, ಬಿಳಿ, ಕರಿ. ಮೂವರದ್ದೂ ಒಂದೇ. ರೆಫರಿ ಯಾರು ಎಂಬ ಪ್ರಶ್ನೆ ಬಂದಾಗ ಅಪ್ಪ ಹಿಂದೆ ಸರಿದರು. ಕೋಲು ಮುಟ್ಟಿಯೂ ಗೊತ್ತಿಲ್ಲದ ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿ ಮೇಜಿನ ಪಕ್ಕ ಬಂದು ನಿಂತಳು. ಅಪ್ಪ ಕೊಡಪಾನ ತೆಗೆದುಕೊಂಡು ಬಾವಿಕಟ್ಟೆಗೆ ನಡೆದರು.

ನನ್ನ ಸರದಿ. ಕರಿ ಕಿಂಡಿಯ ಬಾಯಲ್ಲೇ ಇತ್ತು. ನನಗೆ ನ್ಯಾಯ ಸಿಕ್ಕಿತ್ತು, ಅಪ್ಪ ತಪ್ಪೊಪ್ಪಿಕೊಂಡಿದ್ದರು, ಅಶ್ರಫ್ ಉಪ್ಪಳದಿಂದ ನನ್ನ ಮನೆಗೆ ಬಂದಿದ್ದ. ಬಾಗುವಾಗಲೇ ನಾನು ಗೆದ್ದಾಗಿತ್ತು. ಎದ್ದು ಎರಡು ಹೆಜ್ಜೆ ಹಿಂದೆ ಹೋಗಲಿಲ್ಲ, ಉಸಿರು ನಿಲ್ಲಿಸಲಿಲ್ಲ. ಬೇಕಾದ್ದಕ್ಕಿಂತ ಜೋರಾಗಿ ಹೊಡೆದೆ. ಕರಿ ಚೆಂಡು ಕಿಂಡಿಯ ಒಂದು ಅಂಚಿಗೆ ಬಡಿದು, ಇನ್ನೊಂದಕ್ಕೆ ಬಡಿದು, ಹೊರಗೆ ಬಂದು ನಿಂತಿತು.

ಅಶ್ರಫ್ ಅಮ್ಮನನ್ನು ನೋಡಿದ, ಅಮ್ಮ ತಲೆಯಾಡಿಸಿದಳು. ಅವನು ಅವಸರ ಮಾಡದೆ ಎರಡು ಪಟ್ಟೆಯ ಚೆಂಡನ್ನೂ ಆಮೇಲೆ ಕರಿಯನ್ನೂ ಬೀಳಿಸಿ, ಕೋಲನ್ನು ಗೋಡೆಗೆ ಒರಗಿಸಿದ. ನಾನು ಮೇಜಿನ ಸುತ್ತ ಹೋಗಿ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದೆ. ನಾಚಿಕೆಯಿಂದ ಮುಖ ಬಿಸಿಯಾಗಿತ್ತು, ಆದರೆ ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು. ಅಷ್ಟರಲ್ಲಿ ಅಪ್ಪ ಕೊಡಪಾನ ಹೊತ್ತುಕೊಂಡು ಒಳಗೆ ಬಂದರು. ನಮ್ಮ ಮುಖಗಳನ್ನು ನೋಡಿ ಏನೂ ಅರ್ಥವಾಗದೆ ಅಮ್ಮನ ಕಡೆ ತಿರುಗಿದರು.

"ಎಂತಾಯ್ತು?"

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಶಶಿ ಸೋತಳು. ಈ ಸಲ ಸರಿಯಾಗಿ ಸೋತಳು."